ಇತರೆ

ಅಕ್ಕಲಕೋಟ ಸ್ಟ್ಯಾಂಡಿನಿಂದ ಟಂಟಂ ಹಿಡಿದು
ಹದಿನಾಲ್ಕು ಕಿಲೋಮೀಟರು.
ತೊಡೆಯ ಮೇಲೆ ಟ್ಯಾಬ್ಲೆಟ್ಟು, ಅದರೊಳಗೆ ಮರಾಠಿ.
ನನ್ನ ಬಾಯೊಳಗೆ ನಮ್ಮವ್ವನ ಕನ್ನಡ.
ಮನೆಯೊಂದಕ್ಕೆ ಎಪ್ಪತ್ತು ರೂಪಾಯಿ, ದಿನಕ್ಕೆ ಆರು ಮನೆ,
ಊಟ ನಿಮ್ಮದೇ ಅಂದಿದ್ದರು ಪುಣೆಯವರು.

ಪ್ರಶ್ನೆ ಇಪ್ಪತ್ಮೂರು:
ತಿಂಗಳಾ ಬಂದ ಹನ್ನೆರಡು ನೂರು
ಯಾವುದಕ್ಕೆ ಖರ್ಚಾಯಿತು?
ಧಾನ್ಯ, ಎಣ್ಣೆ, ಔಷಧ, ಶಾಲೆ, ಸಾಲ...
ಹೀಗೇ ಬೆರಳು ಇಳಿಯುತ್ತ ಹೋದರೆ
ಎಲ್ಲಕ್ಕೂ ಕೆಳಗೆ ಇತರೆ.
ಅದನ್ನು ಒತ್ತಿದರೆ ಸಣ್ಣದೊಂದು ಕಿಂಡಿ ತೆರೆಯುತ್ತದೆ
ನಲವತ್ತು ಅಕ್ಷರ ಹಿಡಿಯುವಷ್ಟು.

ಜೈತೂನಬಿ ನದಾಫ ಗಾದಿ ಹೊಲಿಯುವುದನ್ನು ಬಿಡಲಿಲ್ಲ.
'ಎಣ್ಣಿ ಅಂತ ಬರ್ಕೋ' ಅಂದಳು. ಬರೆದುಕೊಂಡೆ.
ದಾರ ಕಚ್ಚಿ ಹರಿದು ಮತ್ತೆ ಶುರುಮಾಡಿದಳು:
'ಮೊದಲ ದಿನಾ ಹತ್ತು ರೂಪಾಯಿ ಪಾಕೀಟು. ಈಗ ಡಬ್ಬಿ.
ನನ್ನ ಮಾರಿ ಕಂಡರ ಮಡಿವಾಳಪ್ಪ ಉದ್ರಿ ವಹಿ ತೆಗೀತಿದ್ದ,
ಈಗ ತಕ್ಕಡಿ ತೆಗೀತಾನ.'
ಇದಕ್ಕೆ ಯಾವ ಗುಂಡಿ ಒತ್ತಬೇಕು
ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಮಹಾನಂದಾ ಹತ್ತೂರೆ, ಕಬ್ಬಿನೊಳಗೆ ಕಳೆ ತೆಗೆಯುವವಳು.
ಶ್ರಾವಣದಲ್ಲಿ ಜ್ವರ ಬಂತು, ಮಲಗಿದಳಂತೆ.
ಅಷ್ಟೇ. ಮೂರು ದಿನ ಮಲಗಿದಳು.
ಮುಕಾದಮ ಹೊಸ್ತಿಲಿಗೆ ಬಂದು
'ಹಂಗಾರ ನಾಳಿಂದ ಬರಬ್ಯಾಡ' ಅಂದ.
'ಆತು' ಅಂದಳಂತೆ.
ಹೇಳುವಾಗ ಅವಳಿಗೇ ನಗು ತಡೆಯಲಿಲ್ಲ.
'ಆತು ಅಂದ್ಯಾ ನೋಡ! ನನ್ನ ಬಾಯಿಂದ!'
ಅವನು ಮತ್ತೆ ಕರೆಯಲಿಲ್ಲ. ಬೇರೆ ಹೊಲ ದೂರ ಇದೆ,
ನಡೆದೇ ಹೋಗುತ್ತಾಳೆ.

ನಾಲ್ಕನೆಯ ಮನೆಯ ಹೆಸರು ಬರೆಯುವುದಿಲ್ಲ.
ಅಲ್ಲಿ ನಾನು ಅವಳನ್ನು ಕೇಳಿದೆ, ಅವನು ಹೇಳಿದ:
'ಮನೀ ಖರ್ಚಿಗೆ.'
ಕಾರ್ಡು ಎಲ್ಲಿದೆ ಅಂದಾಗ
ಅವಳ ಕಣ್ಣು ಒಮ್ಮೆ ಅವನ ಅಂಗಿ ಕಿಸೆಗೆ ಹೋಗಿ
ಒಲೆಗೆ ಮರಳಿತು.
ಧಾನ್ಯ ಒತ್ತಿದೆ.
'ಚಾ ಕುಡದು ಹೋಗವ್ವಾ' ಅಂದಳು.
ಅವಳ ಬಾಯಿಂದ ನಾನು ಕೇಳಿದ ಮಾತು ಅದೊಂದೇ.

ಚಂದ್ರಭಾಗಾಬಾಯಿಗೆ ಅರವತ್ತೆಂಟೋ ಎಪ್ಪತ್ತೋ.
ಹೆಬ್ಬೆರಳಿನ ಗೆರೆ ಸವೆದು ಮಷೀನಿಗೆ ಸಿಗದೆ
ಎರಡು ಸಲ ಬರಿಗೈಲಿ ಬಂದವಳು,
ಮೂರನೆಯ ಸಲ ಸೆರಗಿಗೆ ಒರೆಸಿ ಒರೆಸಿ ಒತ್ತಿ
ರೊಕ್ಕ ತಗೊಂಡು
ನೇರ ಸ್ಟ್ಯಾಂಡಿಗೆ ಹೋಗಿ ಕುಂತಳು.
ಒಂದು ಪ್ಲೇಟ ಮೆಣಸಿನಕಾಯಿ ಬಜಿ.
'ಎಲ್ಲಾರೂ ಉಂಡಮ್ಯಾಲೆ ಉಂಡಾಕಿ ನಾ, ಹುಟ್ಟಿದಾಗಿಂದ.
ಅವತ್ತು ಬಿಸೀದು ತಿಂದೆ. ನಾಕಕ್ಕ ನಾಕೂ.
ಮಮ್ಮಕ್ಕಳಿಗೆ ಕಟ್ಟಿಸ್ಕೊಳ್ಳಲಿಲ್ಲ.
ಬಸ್ಸಿನ್ಯಾಗ ಸುಡ್ತಿತ್ತು ನಾಲಿಗಿ, ಊರು ಬರೂತನಕ.'

ಆಮೇಲೆ ನನ್ನನ್ನೇ ನೋಡಿದಳು,
ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ:
'ಕೊಟ್ಟಾಂವ ಯಾಕ ಅಂತ ಕೇಳಲಿಲ್ಲ,
ಬ್ಯಾಂಕಿನಾಂವ ಕೇಳಲಿಲ್ಲ,
ಬಜಿಯಾಂವ ಕೇಳಲಿಲ್ಲ.
ನೀ ಯಾಕ ಕೇಳಾಕ ಬಂದಿ, ಮಗಳ?'

ಕಿಂಡಿ ತೆರೆದೇ ಇತ್ತು.
ಬಜಿಗೆ ಮರಾಠಿಯಲ್ಲಿ ಅಕ್ಷರ ಇತ್ತು, ಬಿಸಿಗೂ ಇತ್ತು.
ಬರೆಯಲಿಲ್ಲ.
ಖಾಲಿ ಬಿಟ್ಟರೆ ಮುಂದಿನ ಪ್ರಶ್ನೆ ತೆರೆಯುವುದಿಲ್ಲ,
ಒಂದು ಚುಕ್ಕಿ ಹಾಕಿದೆ.

ನನ್ನ ರೊಕ್ಕಕ್ಕೆ ಶರತ್ತುಗಳಿವೆ.
ಮನೆಯ ಫೋಟೋ ಮಬ್ಬಾಗಿದ್ದರೆ ಆ ಮನೆ ಇಲ್ಲ,
ಉತ್ತರಕ್ಕೆ ಉತ್ತರ ತಾಳೆಯಾಗದಿದ್ದರೆ ಇಲ್ಲ.
ಹೊಟ್ಟೆಗೆ ಬೆಳಗಿನ ರೊಟ್ಟಿ ಬಿಟ್ಟು ಏನೂ ಇರಲಿಲ್ಲ.
ಸ್ಟ್ಯಾಂಡಿನಲ್ಲಿ ಇಳಿದಾಗ ಎಣ್ಣೆ ಕಾಯ್ದ ವಾಸನೆ,
ಅಷ್ಟರಲ್ಲಿ ಪುಣೆಯಿಂದ ಫೋನು:
ಐದನೆಯ ಮನೆ, ಇಪ್ಪತ್ಮೂರನೆಯ ಪ್ರಶ್ನೆ,
ಅಲ್ಲೊಂದು ಚುಕ್ಕಿ ಇದೆ, ಏನದು?

ಬೆರಳು ಜಾರಿತು ಸರ್, ಅಂದೆ.